ಆ ಎರಡು ಕಿಲೋಮೀಟರ್



ಇವತ್ತು ನಾನು ಯಾವ ಮಂತ್ರಿಯನ್ನೂ ಪ್ರಶ್ನೆ ಮಾಡಲ್ಲ, ಯಾವ ಅಧಿಕಾರಿಯನ್ನೂ ತರಾಟೆಗೆ ತಗೊಳ್ಳಲ್ಲ. ದಿನಾ ರಾತ್ರಿ ಈ ಕುರ್ಚಿಯಲ್ಲಿ ಕೂತು ಬೇರೆಯವರಿಗೆ ಕೇಳ್ತೀನಲ್ಲ, 'ತಪ್ಪು ಮಾಡಿದ ಮೇಲೆ ನಿಂತು ಉತ್ತರ ಕೊಡೋಕಾಗಲ್ವಾ ಸ್ವಾಮಿ' ಅಂತ? ಇವತ್ತು ಅದೇ ಪ್ರಶ್ನೆ ನನಗೆ ನಾನೇ ಕೇಳ್ಕೋಬೇಕಾಗಿದೆ.

ಜನವರಿ ತಿಂಗಳು. ಬೀದರ್‌ನಲ್ಲಿ ರಾತ್ರಿ ಒಂದು ಕಾರ್ಯಕ್ರಮ ಮುಗಿಸಿ, ಬೆಳಗ್ಗೆ ಕಲಬುರಗಿಯಲ್ಲಿ ಇನ್ನೊಂದು ಕಾರ್ಯಕ್ರಮಕ್ಕೆ ಹೊರಟಿದ್ದೆ. ಜೊತೆಗೆ ನಮ್ಮ ಕ್ಯಾಮೆರಾಮನ್ ಒಬ್ಬನೇ. ಡ್ರೈವರ್‌ಗೆ ಹುಷಾರಿರಲಿಲ್ಲ, ಗಾಡಿ ಓಡಿಸ್ತಾ ಇದ್ದದ್ದು ನಾನೇ. ಹಳ್ಳಿಖೇಡ ದಾಟಿ ಹುಮನಾಬಾದ್ ಕಡೆ ಬರ್ತಾ ಇದ್ದೀವಿ. ಬೆಳಗ್ಗೆ ಆರೂಕಾಲು, ಆರೂವರೆ ಇರಬೇಕು. ಎರಡೂ ಕಡೆ ಕಡಲೆ ಹೊಲ, ಜೋಳದ ಹೊಲ, ಅದರ ಮೇಲೆ ತೆಳ್ಳಗೆ ಮಂಜು. ರಸ್ತೆ ಖಾಲಿ. ಖಾಲಿ ರಸ್ತೆ ಸಿಕ್ಕರೆ ನಮ್ಮ ಬಲಗಾಲು ಹೇಗಿರುತ್ತೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಎಡಗಡೆ ಹೊಲದಿಂದ ಒಂದು ಚಿಗರಿ ರಸ್ತೆಗೆ ಹಾರಿತು. ನಾವು ಬೆಂಗಳೂರಿನವರು ಕೃಷ್ಣಮೃಗ ಅಂತೀವಿ, ಈ ಸೀಮೆಯವರು ಚಿಗರಿ ಅಂತಾರೆ. ನಾನು ಬ್ರೇಕ್ ಒತ್ತಿದೆ. ಅದು ದಾಟಿತು. ಅದರ ಹಿಂದೆ ಇನ್ನೊಂದು, ಅದೂ ದಾಟಿತು. ಸದ್ಯ, ಮುಗೀತು ಅಂದುಕೊಂಡು ಮತ್ತೆ ಆಕ್ಸಿಲರೇಟರ್ ಮೇಲೆ ಕಾಲಿಟ್ಟೆ. ನನ್ನ ತಪ್ಪು ಇಲ್ಲಿದೆ ನೋಡಿ. ಅವು ಹಿಂಡಿನಲ್ಲಿ ಓಡಾಡೋ ಪ್ರಾಣಿ. ಮುಂದಿನದು ಹಾರಿತು ಅಂದರೆ ಹಿಂದಿನದೂ ಹಾರುತ್ತೆ, ಎದುರಿಗೆ ಗಾಡಿ ಇದ್ದರೂ ಹಾರುತ್ತೆ. ಮೂರನೆಯದು ಬಂದು ನನ್ನ ಗಾಡಿಯ ಎಡಗಡೆ ಮೂಲೆಗೆ ಬಡಿಯಿತು. ದೊಡ್ಡ ಸದ್ದೇನೂ ಬರಲಿಲ್ಲ. ಯಾರೋ ಗೋಣಿಚೀಲ ಎತ್ತಿ ಹಾಕಿದ ಹಾಗೆ ಒಂದು ಸದ್ದು, ಅಷ್ಟೇ.

ಆಮೇಲೆ ನಾನು ಏನು ಮಾಡಿದೆ ಗೊತ್ತಾ? ನಿಲ್ಲಿಸಲಿಲ್ಲ.

ಹೌದು, ನಿಲ್ಲಿಸಲಿಲ್ಲ. ಎರಡು ಕಿಲೋಮೀಟರ್ ಹೋಗಿಬಿಟ್ಟೆ. ಆ ಎರಡು ಕಿಲೋಮೀಟರ್‌ನಲ್ಲಿ ನನ್ನ ತಲೆಯಲ್ಲಿ ಓಡಿದ್ದು ಕರುಣೆಯಲ್ಲ ವೀಕ್ಷಕರೇ, ಬ್ರೇಕಿಂಗ್ ನ್ಯೂಸ್. ಕೃಷ್ಣಮೃಗ ಅಂದ ಕೂಡಲೇ ನಮ್ಮ ವೃತ್ತಿಯವರಿಗೆ ನೆನಪಾಗೋದು ಒಂದೇ ಹೆಸರು. 1998ರ ಅಕ್ಟೋಬರ್‌ನಲ್ಲಿ ಜೋಧಪುರದ ಹತ್ತಿರ ನಡೆದ ಪ್ರಕರಣ, 2018ರ ಏಪ್ರಿಲ್ 5ರಂದು ಸಲ್ಮಾನ್ ಖಾನ್‌ಗೆ ಕೆಳ ನ್ಯಾಯಾಲಯ ಐದು ವರ್ಷ ಶಿಕ್ಷೆ ಹಾಕಿದ್ದು, ಅದನ್ನ ನಾವೆಲ್ಲ ಹಗಲೂ ರಾತ್ರಿ ತೋರಿಸಿದ್ದು. ಈಗ ನನ್ನ ಮುಖ ಆ ಜಾಗದಲ್ಲಿ ಬರುತ್ತೆ, ಪಕ್ಕದ ಚಾನೆಲ್‌ನವರು ಕೆಂಪು ಪಟ್ಟಿ ಓಡಿಸ್ತಾರೆ, ಗಾಡಿ ಜಪ್ತಿ ಆಗುತ್ತೆ. ಇದೇ ಯೋಚನೆ.

ಪಕ್ಕದಲ್ಲಿದ್ದ ಹುಡುಗ ಏನೂ ಮಾತಾಡಿರಲಿಲ್ಲ. ಎರಡು ಕಿಲೋಮೀಟರ್ ಆದ ಮೇಲೆ ಹೇಳಿದ, 'ಸಾರ್, ಹಿಂದೆ ತಿರುಗಿ ನೋಡಿದೆ. ಅದು ಎದ್ದು ನಿಲ್ಲೋಕೆ ನೋಡ್ತಿತ್ತು.' ಅಷ್ಟೇ ಹೇಳಿದ್ದು. ಮುಂದೆ ತಿರುಗೋಕೆ ಜಾಗ ಸಿಕ್ಕಿದ ಕಡೆ ಗಾಡಿ ತಿರುಗಿಸಿದೆ.

ವಾಪಸ್ ಬಂದರೆ ಅಲ್ಲಿ ಆಗಲೇ ಒಬ್ಬ ಮುದುಕಪ್ಪ ನಿಂತಿದ್ದಾರೆ. ಪಕ್ಕದ ಹೊಲದವರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ರಸ್ತೆ ಅಂಚಿನ ಹುಲ್ಲಿನಲ್ಲಿ ಅದು ಬಿದ್ದಿದೆ. ಕೊಂಬಿಲ್ಲದ, ಕಂದು ಬಣ್ಣದ ಹೆಣ್ಣು. ಹಿಂಗಾಲು ಎರಡೂ ಎಳೆದುಕೊಳ್ಳೋಕಾಗ್ತಿಲ್ಲ. ಎರಡು ನಾಯಿಗಳು ಹತ್ತಿರ ಬರೋಕೆ ನೋಡ್ತಿವೆ, ಈತ ಕೋಲು ತೋರಿಸಿ ಓಡಿಸ್ತಿದ್ದಾರೆ. ನಾನು ನೀರಿನ ಬಾಟಲಿ ಹಿಡ್ಕೊಂಡು ಓಡಿದೆ. ಟೀವಿಯಲ್ಲಿ ನೋಡಿದ್ದೀವಲ್ಲ, ನೀರು ಕುಡಿಸೋದು, ತಲೆ ಸವರೋದು. ಅವರು ಕೋಲು ಅಡ್ಡ ಹಿಡಿದರು. 'ಹತ್ತಿರ ಹೋಗಬ್ಯಾಡ್ರಿ ಸಾಹೇಬ್ರ. ಮಂದಿ ಕೈ ಮುಟ್ಟಿದ್ರ ಅದರ ಎದಿ ಒಡೀತದ. ನೀರು ಹಾಕಬ್ಯಾಡ್ರಿ, ಗಂಟಲಾಗ ಸಿಗತದ. ದೂರ ನಿಲ್ರಿ, ಮಾತಾಡಬ್ಯಾಡ್ರಿ.'

ಎದೆ ಒಡೆಯುತ್ತೆ. ನಾನು ಇದನ್ನ ಹಳ್ಳಿಯವರ ಮಾತು ಅಂದುಕೊಂಡಿದ್ದೆ. ಆಮೇಲೆ ಒಬ್ಬರು ಪಶುವೈದ್ಯರನ್ನ ಕೇಳಿದರೆ ಅವರು ನಕ್ಕರು, 'ಅವರು ಹೇಳಿದ್ದನ್ನೇ ನಾವು ಐದು ವರ್ಷ ಓದಿ ಕಲಿತೀವಿ' ಅಂದರು. ಜಿಂಕೆ, ಕೃಷ್ಣಮೃಗದಂಥ ಪ್ರಾಣಿಗಳಿಗೆ ಮನುಷ್ಯ ಹತ್ತಿರ ಬಂದ ಅಂದರೆ ಬೇಟೆಗಾರ ಬಂದ ಅಂತಲೇ ಅರ್ಥ. ಸಾಂತ್ವನ ಅಂತ ನೀವು ಸವರಿದರೂ ಅದಕ್ಕೆ ಅದು ಹಿಡಿದ ಹಾಗೆಯೇ. ಆ ಭಯಕ್ಕೆ, ಬಿಡಿಸಿಕೊಳ್ಳೋ ಒದ್ದಾಟಕ್ಕೆ ಮಾಂಸಖಂಡಗಳೇ ಒಳಗೊಳಗೆ ಹಾಳಾಗ್ತವೆ, ಹೃದಯ ನಿಲ್ಲುತ್ತೆ. ಗಾಯದಿಂದ ಸಾಯದೇ ಇದ್ದದ್ದು ನಮ್ಮ ಪ್ರೀತಿಯಿಂದ ಸಾಯಬಹುದು. ಮಾಡಬಹುದಾದ್ದು ಇಷ್ಟೇ: ಜನ ಸೇರದ ಹಾಗೆ ನೋಡ್ಕೊಳ್ಳೋದು, ಗದ್ದಲ ನಿಲ್ಲಿಸೋದು, ನಾಯಿಗಳನ್ನ ದೂರ ಇಡೋದು. ತಿಳಿದವರು ಬಂದಾಗ ಬಟ್ಟೆಯಿಂದ ಕಣ್ಣು ಮುಚ್ಚುತ್ತಾರೆ. ಕತ್ತಲೆಯಾದರೆ ಅದು ಸ್ವಲ್ಪ ಶಾಂತವಾಗುತ್ತೆ.

ಇದು ಚಿಗರಿಯ ಮಾತು. ಬಿದ್ದದ್ದು ಕಾಡುಹಂದಿ ಆಗಿದ್ದರೆ, ಚಿರತೆ ಆಗಿದ್ದರೆ, ಕರಡಿ ಆಗಿದ್ದರೆ? ಗಾಡಿಯಿಂದ ಇಳಿಯಲೇಬೇಡಿ. ಸತ್ತ ಹಾಗೆ ಬಿದ್ದಿದ್ದರೂ ಇಳಿಯಬೇಡಿ. ಕೆಲವು ವರ್ಷದ ಹಿಂದೆ ಪುಣೆ–ನಾಸಿಕ್ ಹೆದ್ದಾರಿಯಲ್ಲಿ ಕಾರಿನ ಮುಂಭಾಗಕ್ಕೆ ಸಿಕ್ಕಿಕೊಂಡಿದ್ದ ಚಿರತೆಯ ವಿಡಿಯೋ ನೀವೆಲ್ಲ ನೋಡಿದ್ದೀರಿ. ಗಾಡಿ ಹಿಂದಕ್ಕೆ ಸರಿದದ್ದೇ ತಡ, ಅದು ಕಿತ್ತುಕೊಂಡು ಓಡಿತು. ಹತ್ತಿರ ಹೋಗಿ ನಿಂತಿದ್ದವರ ಗತಿ ಏನಾಗ್ತಿತ್ತು? ನರಿ, ಮುಂಗುಸಿಯಂಥ ಸಣ್ಣ ಪ್ರಾಣಿ ಆದರೂ ಬರಿಗೈಯಲ್ಲಿ ಮುಟ್ಟಬೇಡಿ. ಕಚ್ಚಿದರೆ ರೇಬೀಸ್ ಭಯ. ಹಾಗೇನಾದರೂ ಕಚ್ಚಿದರೆ ಸೋಪು ಹಾಕಿ ಹದಿನೈದು ನಿಮಿಷ ಹರಿಯೋ ನೀರಲ್ಲಿ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸ್ಕೊಳ್ಳಿ. ನಾಳೆ ಅನ್ನಬೇಡಿ.

ಅಷ್ಟೊತ್ತಿಗೆ ಬೈಕಿನಲ್ಲಿ ಇಬ್ಬರು ಹುಡುಗರು ಬಂದರು. ನನ್ನ ಗುರುತು ಹಿಡಿದರು. 'ಸರ್, ನೀವಾ!' ಅಂತ ಒಬ್ಬ ಫೋನ್ ತೆಗೆದ. ಸೆಲ್ಫಿಗೆ! ಆ ಪ್ರಾಣಿ ಅಲ್ಲಿ ಕಣ್ಣು ಬಿಟ್ಕೊಂಡು ಮೇಲುಸಿರು ಬಿಡ್ತಾ ಇದೆ, ಇವನಿಗೆ ಸೆಲ್ಫಿ. ಬೈಯೋಣ ಅಂತ ಬಾಯಿವರೆಗೆ ಬಂತು. ಆದರೆ ಎರಡು ಕಿಲೋಮೀಟರ್ ಓಡಿಹೋಗಿ ಬಂದವನಿಗೆ ಬೈಯೋ ಹಕ್ಕು ಎಲ್ಲಿದೆ? ಇನ್ನೊಬ್ಬ ಮೆಲ್ಲಗೆ ಬಂದು ಹೇಳಿದ, 'ಸರ್, ನೀವು ದೊಡ್ಡ ಮಂದಿ, ಇದರಾಗ ಯಾಕ ಸಿಗಿಬೀಳ್ತೀರಿ? ನೀವು ನಡೀರಿ, ನಾವು ನೋಡ್ಕೋತೀವಿ.' ನೋಡ್ಕೋತೀವಿ ಅಂದರೆ ಏನು ಅರ್ಥ ಅಂತ ನಾನು ಕೇಳಲಿಲ್ಲ. ಮುದುಕಪ್ಪ ಅವನ ಮುಖ ನೋಡಿದರು, ಅವನು ಬೈಕ್ ಹತ್ತಿದ.

ಇಲ್ಲಿ ಕಾನೂನು ಏನು ಹೇಳುತ್ತೆ, ಸ್ವಲ್ಪ ಕಿವಿಗೊಟ್ಟು ಕೇಳಿ. ಯಾಕಂದರೆ ನಮ್ಮನ್ನ ಓಡಿಸೋದು ಕಾನೂನಿನ ಭಯ, ಆದರೆ ಕಾನೂನು ಓದಿದವರು ಕಡಿಮೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972. ಕೃಷ್ಣಮೃಗ ಅದರ ಒಂದನೇ ಅನುಸೂಚಿಯಲ್ಲಿದೆ, ಹುಲಿ ಇರೋ ಪಟ್ಟಿಯಲ್ಲೇ. ಬೇಟೆ ಆಡಿದರೆ ಮೂರು ವರ್ಷಕ್ಕೆ ಕಡಿಮೆ ಇಲ್ಲದ, ಏಳು ವರ್ಷದವರೆಗಿನ ಜೈಲು. 2022ರ ತಿದ್ದುಪಡಿ ಆದ ಮೇಲೆ ದಂಡ 25,000 ರೂಪಾಯಿಗೆ ಕಡಿಮೆ ಇಲ್ಲ. ಇದು ಎಲ್ಲರಿಗೂ ಗೊತ್ತಿರೋ ಭಾಗ. ಯಾರೂ ಹೇಳದ ಭಾಗ 39ನೇ ಕಲಂ. ಸತ್ತು ಸಿಕ್ಕಿದ ಕಾಡುಪ್ರಾಣಿ ಆಗಲಿ, ತಪ್ಪಿ ಕೊಂದ ಕಾಡುಪ್ರಾಣಿ ಆಗಲಿ, ಅದು ಸರ್ಕಾರದ ಆಸ್ತಿ ಅನ್ನುತ್ತೆ ಆ ಕಲಂ. 'ತಪ್ಪಿ' ಅನ್ನೋ ಮಾತು ಕಾನೂನಿನಲ್ಲೇ ಇದೆ! ಹೀಗೂ ಆಗುತ್ತೆ ಅಂತ ಬರೆದವರಿಗೆ ಗೊತ್ತಿತ್ತು. ಅಂಥ ಪ್ರಾಣಿ ನಿಮ್ಮ ಕೈಗೆ ಬಂದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯ ಅಧಿಕಾರಿಗೋ ತಿಳಿಸಿ, ಕೇಳಿದರೆ ಒಪ್ಪಿಸಬೇಕು.

ಹಾಗಾದರೆ ಏನಾಯ್ತು? ನಿಂತು ಫೋನ್ ಮಾಡಿದವನ ಕೈಯಲ್ಲಿ ಒಂದು ಅಪಘಾತ ಇದೆ. ಡಿಕ್ಕಿಯಲ್ಲಿ ಹಾಕಿಕೊಂಡು ಹೋದವನ ಕೈಯಲ್ಲಿ ಒಂದು ಅಪರಾಧ ಇದೆ. ಮೊಲ ಗುದ್ದಿತು, ಹೆಂಗೂ ಸತ್ತೋಯ್ತು, ರಾತ್ರಿ ಸಾರಿಗಾಯ್ತು ಅಂತ ನಗ್ತಾ ಎತ್ತಿಕೊಳ್ಳೋರನ್ನ ನಾನು ನೋಡಿದ್ದೀನಿ. ಮೊಲ ಆದರೂ ಅಷ್ಟೇ, ಕಾಡುಹಂದಿ ಆದರೂ ಅಷ್ಟೇ, ನವಿಲಿನ ಗರಿ ಕಿತ್ತುಕೊಂಡರೂ ಅಷ್ಟೇ. ನಿಂತವನಿಗೆ ವಿಚಾರಣೆ ಇರಲ್ಲ ಅಂತ ನಾನು ಹೇಳಲ್ಲ. ಹೇಳಿಕೆ ಬರೆಸ್ಕೋತಾರೆ, ಗಾಡಿ ನೋಡ್ತಾರೆ, ಎಷ್ಟು ಸ್ಪೀಡ್ ಇತ್ತು ಅಂತ ಕೇಳ್ತಾರೆ. ಅಭಯಾರಣ್ಯದೊಳಗೆ ಆದರೆ ಇನ್ನೂ ಬಿಗಿ. ಅತಿ ವೇಗ, ಅಜಾಗರೂಕತೆ ಅಂತ ಕಂಡರೆ ಕೇಸೂ ಆಗಬಹುದು. ಆಗಲಿ. ಗಾಡಿ ಓಡಿಸಿದ್ದು ನಾನಲ್ವಾ?

ಇನ್ನೊಂದು ತಪ್ಪು ತಿಳಿವಳಿಕೆ ನನಗೂ ಇತ್ತು. ವನ್ಯಜೀವಿ ಅಂದರೆ ಬಂಡೀಪುರ, ನಾಗರಹೊಳೆ ಅಂತ. ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧ ಇದೆ. ಎಷ್ಟು ಗಲಾಟೆ, ಎಷ್ಟು ಚರ್ಚೆ, ಇದೇ ಸ್ಟುಡಿಯೋದಲ್ಲಿ ಎಷ್ಟು ಸಲ! 2018ರ ಅಕ್ಟೋಬರ್‌ನಲ್ಲಿ ಮತ್ತಿಗೋಡು ಆನೆ ಶಿಬಿರದ ಹತ್ತಿರ ಖಾಸಗಿ ಬಸ್ಸು ಗುದ್ದಿ 'ರೌಡಿ ರಂಗ' ಅನ್ನೋ ಆನೆ ಸತ್ತಾಗ ರಾಜ್ಯಕ್ಕೆ ರಾಜ್ಯವೇ ಮರುಗಿತು. ಆನೆಗೆ ಹೆಸರಿತ್ತು. ಆದರೆ ಹುಮನಾಬಾದ್‌ನಲ್ಲಿ ಕಾಡೆಲ್ಲಿದೆ? ಇಲ್ಲಿ ಇರೋದು ತೊಗರಿ, ಸೋಯಾ, ಕಡಲೆ, ಕಬ್ಬು, ಮಧ್ಯೆ ಮಧ್ಯೆ ಹುಲ್ಲುಗಾವಲು. ಕೃಷ್ಣಮೃಗಕ್ಕೆ ಬೇಕಾದ್ದೂ ಅದೇ! ಅದು ದಟ್ಟ ಕಾಡಿನ ಪ್ರಾಣಿ ಅಲ್ಲವೇ ಅಲ್ಲ, ಬಯಲಿನ ಪ್ರಾಣಿ. ದೂರದವರೆಗೆ ಕಣ್ಣು ಕಾಣಬೇಕು, ಓಡೋಕೆ ಜಾಗ ಬೇಕು. ಆ ಬಯಲನ್ನ ಅಡ್ಡ ಸೀಳಿಕೊಂಡು ಪುಣೆ–ಹೈದರಾಬಾದ್ ಹೆದ್ದಾರಿ ಹೋಗುತ್ತೆ, ಉದ್ದಕ್ಕೆ ಸೀಳಿಕೊಂಡು ಬೀದರ್–ಕಲಬುರಗಿ ಹೆದ್ದಾರಿ ಹೋಗುತ್ತೆ. ಎರಡೂ ಸೇರೋದು ಹುಮನಾಬಾದ್‌ನಲ್ಲಿ. ಅತ್ತ ಬಸವಕಲ್ಯಾಣದ ಸಸ್ತಾಪುರ ಬಂಗ್ಲಾ ಕಡೆಯಿಂದ ಹಗಲೂ ರಾತ್ರಿ ಲಾರಿ. ಇಲ್ಲಿ ರಾತ್ರಿ ಗೇಟು ಹಾಕೋಕಾಗಲ್ಲ, ಹಾಕಬೇಕು ಅಂತ ನಾನೂ ಹೇಳಲ್ಲ. ಆದರೆ ಕಾಡಿಲ್ಲ ಅಂತ ಕಾನೂನು ಇಲ್ಲದೇ ಹೋಗಲ್ಲ. ಪ್ರಾಣಿ ಎಲ್ಲಿ ಹೋಗುತ್ತೋ ಅದರ ಹಿಂದೆ ಕಾಯ್ದೆಯೂ ಹೋಗುತ್ತೆ, ಕಡಲೆ ಹೊಲಕ್ಕೂ, ಡಾಂಬರು ರಸ್ತೆಗೂ.

ಸರಿ, ಆವತ್ತಿನ ಬೆಳಗ್ಗೆಗೆ ಬರ್ತೀನಿ. ಮೊದಲು ಮಾಡಬೇಕಾದ್ದನ್ನ ನಾನು ಕೊನೆಗೆ ಮಾಡಿದೆ, ನೀವು ಹಾಗೆ ಮಾಡಬೇಡಿ. ಗಾಡಿಯನ್ನ ರಸ್ತೆ ಪಕ್ಕಕ್ಕೆ ತಗೊಂಡು ನಾಲ್ಕೂ ಇಂಡಿಕೇಟರ್ ಹಾಕಬೇಕು. ಗಾಡಿಯಲ್ಲಿ ಇರೋರಿಗೆ ಪೆಟ್ಟಾಗಿದೆಯಾ ನೋಡಬೇಕು, ಆಗಿದ್ದರೆ ಮೊದಲು ಅವರು, ಆಮೇಲೆ ಪ್ರಾಣಿ. ಹಿಂದೆ ಬರೋರಿಗೆ ಕಾಣೋ ಹಾಗೆ ಕೆಂಪು ತ್ರಿಕೋನ ಇಡಬೇಕು. ನಮ್ಮ ಗಾಡಿಯಲ್ಲಿ ಅದು ಪ್ಲಾಸ್ಟಿಕ್ ಕವರ್ ಸಮೇತ ಸ್ಟೆಪ್ನಿ ಕೆಳಗೆ ಇತ್ತು. ಕೊಂಡ ದಿನದಿಂದ ತೆಗೆದಿರಲಿಲ್ಲ. ನಿಮ್ಮದು ಎಲ್ಲಿದೆ, ಇವತ್ತು ರಾತ್ರಿ ಹೋಗಿ ನೋಡಿ.

ಆಮೇಲೆ ಫೋನ್. ನಂಬರ್ ಬರೆದುಕೊಳ್ಳಿ. ಅರಣ್ಯ ಇಲಾಖೆ ಸಹಾಯವಾಣಿ 1926. ಅದು ಸಿಗಲಿಲ್ಲ ಅಂದರೆ 112, ಪೊಲೀಸರು ಅರಣ್ಯದವರಿಗೆ ತಿಳಿಸ್ತಾರೆ. ರಾಷ್ಟ್ರೀಯ ಹೆದ್ದಾರಿ ಮೇಲೆ ಇದ್ದರೆ 1033, ರಸ್ತೆ ಮೇಲೆ ಬಿದ್ದದ್ದನ್ನ ತೆಗೆಸೋದು ಅವರ ಕೆಲಸ. ಗುದ್ದಿದ್ದು ಹಸು, ಎಮ್ಮೆ, ನಾಯಿ ಆದರೆ 1962, ಪಶು ಚಿಕಿತ್ಸೆಯ ಆಂಬುಲೆನ್ಸ್. ಎಲ್ಲಿ ಇದ್ದೀರಿ ಅಂತ ಹೇಳೋಕೆ ಹೆದ್ದಾರಿ ಪಕ್ಕದ ಕಿಲೋಮೀಟರ್ ಕಲ್ಲು ನೋಡಿ, ಇಲ್ಲಾಂದರೆ ಮೊಬೈಲಿನಲ್ಲಿ ಲೊಕೇಶನ್ ಕಳಿಸಿ. 'ಹುಮನಾಬಾದ್ ಹತ್ತಿರ' ಅಂದರೆ ಅವರು ಎಲ್ಲಿಗೆ ಬರ್ತಾರೆ? ನಾನು ಹಾಗೇ ಅಂದೆ. ಕೊನೆಗೆ ಫೋನ್ ಮುದುಕಪ್ಪನ ಕೈಗೆ ಕೊಟ್ಟೆ. ಅವರು ಯಾರದೋ ಹೊಲ, ಯಾವುದೋ ಬೇವಿನ ಗಿಡದ ಗುರುತು ಹೇಳಿದರು. ಆ ಕಡೆಯವರಿಗೆ ತಕ್ಷಣ ಗೊತ್ತಾಯ್ತು.

ಗಾಡಿಯ ಫೋಟೋ, ಜಾಗದ ಫೋಟೋ ತೆಗೆದಿಟ್ಟುಕೊಳ್ಳಿ. ವಾಟ್ಸಾಪ್ ಸ್ಟೇಟಸ್‌ಗಲ್ಲ ದಯವಿಟ್ಟು. ಇನ್ಶೂರೆನ್ಸ್‌ಗೆ, ನಿಮ್ಮ ಹೇಳಿಕೆಗೆ. ಸಮಗ್ರ ವಿಮೆ ಇದ್ದರೆ ಪ್ರಾಣಿ ಗುದ್ದಿ ಆದ ಹಾನಿಯೂ ಸಾಮಾನ್ಯವಾಗಿ ಅದರಲ್ಲಿ ಬರುತ್ತೆ. ಬರೀ ಥರ್ಡ್ ಪಾರ್ಟಿ ಇದ್ದರೆ ಬರಲ್ಲ. ರೇಡಿಯೇಟರ್ ಸೋರ್ತಿದೆಯಾ, ಬಾನೆಟ್ ಲಾಕ್ ಸರಿ ಇದೆಯಾ ನೋಡದೆ ಗಾಡಿ ಎತ್ತಬೇಡಿ.

ಅರಣ್ಯ ರಕ್ಷಕರು ಬರೋಕೆ ಐವತ್ತು ನಿಮಿಷ ಆಯ್ತು. ಅಷ್ಟು ಹೊತ್ತು ನಾವು ಮೂರು ಜನ ಹದಿನೈದು ಇಪ್ಪತ್ತು ಅಡಿ ದೂರದಲ್ಲಿ ನಿಂತಿದ್ದೆವು. ಮುದುಕಪ್ಪ ಬಾಯಿ ಬಿಟ್ಟಿದ್ದು ಒಂದೇ ಸಲ, ಅದೂ ಪಿಸುಮಾತಿನಲ್ಲಿ. 'ಇವು ನಮ್ಮ ಕಡ್ಲಿ ಎಲ್ಲ ಮೇದು ಹಾಕ್ತಾವರಿ. ರಾತ್ರಿ ಹೊಲದಾಗ ಮಲಗಿ ಕಾಯಬೇಕು. ನಿನ್ನಿ ರಾತ್ರೀನೂ ಇದಕ್ಕೇ ಬಂದೀನಿ.' ಅಂದರೆ ಆ ಕೋಲು ಆ ಚಿಗರಿಗಳನ್ನ ಓಡಿಸೋಕೆ ತಂದ ಕೋಲು. ಬೆಳಗಾದರೆ ಅದೇ ಕೋಲಿನಿಂದ ನಾಯಿಗಳನ್ನ ಓಡಿಸ್ತಾ ನಿಂತಿದ್ದಾರೆ. ಬೆಳೆ ಹಾನಿ ಪರಿಹಾರಕ್ಕೆ ಅರ್ಜಿ ಹಾಕಿದ್ದೀರಾ ಅಂತ ಕೇಳಿದೆ. ಟೀವಿಯವನ ಚಾಳಿ, ಬಿಡಲ್ಲ. ಅವರು ಉತ್ತರ ಕೊಡಲಿಲ್ಲ, ತುಟಿ ಮೇಲೆ ಬೆರಳಿಟ್ಟರು.

ರಕ್ಷಕರು ಬರೋ ಹತ್ತು ನಿಮಿಷ ಮೊದಲು ಅದು ಹೋಯಿತು.

ಒದ್ದಾಡಲಿಲ್ಲ. ತಲೆ ಹುಲ್ಲಿನ ಮೇಲೆ ಇಟ್ಟಿತು, ಅಷ್ಟೇ. ನನಗೆ ಆಗ ಅನ್ನಿಸಿದ್ದು, ಆ ಎರಡು ಕಿಲೋಮೀಟರ್ ಹೋಗಿ ಬಂದದ್ದಕ್ಕೆ, ತಿರುಗೋ ಜಾಗ ಹುಡುಕಿದ್ದಕ್ಕೆ, ಸುಮ್ಮನೆ ನಿಂತದ್ದಕ್ಕೆ ಎಲ್ಲ ಸೇರಿ ಎಷ್ಟು ನಿಮಿಷ ಕಳೆದೆ? ಅಷ್ಟು ಬೇಗ ಫೋನ್ ಮಾಡಿದ್ದರೆ ಬದುಕ್ತಿತ್ತಾ? ರಕ್ಷಕರನ್ನ ಕೇಳಿದೆ. ಅವರು ಹಿಂಗಾಲು, ಬೆನ್ನು ನೋಡಿ, 'ಕಷ್ಟ ಇತ್ತು ಸರ್' ಅಂದರು. ನನ್ನ ಸಮಾಧಾನಕ್ಕೆ ಹೇಳಿದರೋ, ನಿಜವೋ, ಇವತ್ತಿಗೂ ಗೊತ್ತಿಲ್ಲ. ಪಶುವೈದ್ಯರನ್ನ ಕರೆಸಿ ಮರಣೋತ್ತರ ಪರೀಕ್ಷೆ ಮಾಡಿಸಬೇಕು, ಆಮೇಲೆ ನಮ್ಮ ಎದುರೇ ಸುಡಬೇಕು ಅಂದರು. ಯಾಕೆ ಅಂದರೆ ಹೂತರೆ ರಾತ್ರಿ ಅಗೆದು ತಗೊಂಡು ಹೋಗೋರು ಇದ್ದಾರಂತೆ. ಪಂಚನಾಮೆ ಬರೆದರು. ನನ್ನ ಹೆಸರು, ವಿಳಾಸ, ಗಾಡಿ ನಂಬರ್. ವೃತ್ತಿ ಅನ್ನೋ ಕಡೆ 'ಪತ್ರಕರ್ತ' ಅಂತ ಬರೆಸುವಾಗ ನಾಲಿಗೆ ಸ್ವಲ್ಪ ತಡವರಿಸಿತು. ವೇಗ ಎಷ್ಟಿತ್ತು ಅಂತ ಕೇಳಿದರು. ತೊಂಬತ್ತರ ಮೇಲಿಂದ ಬ್ರೇಕ್ ಹಾಕಿದ್ದೆ, ಮತ್ತೆ ಜೋರು ಮಾಡ್ತಿದ್ದೆ ಅಂದೆ. ಇದ್ದದ್ದು ಇದ್ದ ಹಾಗೆ.

ಈ ವೇಗದ ಲೆಕ್ಕ ಒಂದೇ ಒಂದು ಸಲ ಮಾಡಿ ನೋಡಿ. ನೂರರಲ್ಲಿ ಹೋಗ್ತಿದ್ದರೆ ಗಾಡಿ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತೆ. ಕಣ್ಣು ನೋಡಿ, ತಲೆಗೆ ಗೊತ್ತಾಗಿ, ಕಾಲು ಬ್ರೇಕಿಗೆ ಹೋಗೋಕೆ ಒಂದೂವರೆ ಸೆಕೆಂಡ್ ಹಿಡಿಯಿರಿ. 42 ಮೀಟರ್ ಹೋಗಿಯೇ ಆಯ್ತು, ಬ್ರೇಕ್ ಇನ್ನೂ ಮುಟ್ಟಿಲ್ಲ! ಅರವತ್ತರಲ್ಲಿ ಇದ್ದರೆ ಅದೇ 25 ಮೀಟರ್. ನಸುಕಿನಲ್ಲಿ, ಮುಸ್ಸಂಜೆಯಲ್ಲಿ, ಎರಡೂ ಕಡೆ ಹೊಲ ಇರೋ ಕಡೆ ಆ ಹದಿನೇಳು ಮೀಟರ್ ಬಹಳ ದೊಡ್ಡದು. ಒಂದು ದಾಟಿದರೆ ನಿಲ್ಲಿಸಿ, ಹತ್ತು ಎಣಿಸಿ. ಎದುರಿಗೇ ಬಂದುಬಿಟ್ಟರೆ ನೇರವಾಗಿ ಬ್ರೇಕ್ ಒತ್ತಿ, ಸ್ಟೇರಿಂಗ್ ಮಾತ್ರ ಎಳೆಯಬೇಡಿ. ಪ್ರಾಣಿ ತಪ್ಪಿಸೋಕೆ ಹೋಗಿ ಗಾಡಿ ಪಲ್ಟಿ ಹೊಡೆದು, ಎದುರಿನ ಲಾರಿಗೆ ಗುದ್ದಿ ಸತ್ತ ಕುಟುಂಬಗಳ ಸುದ್ದಿಯನ್ನ ನಾನೇ ಓದಿದ್ದೀನಿ, ಇದೇ ಕುರ್ಚಿಯಿಂದ, ಎಷ್ಟೋ ಸಲ.

ಕಲಬುರಗಿಯ ಕಾರ್ಯಕ್ರಮಕ್ಕೆ ನಾಲ್ಕು ಗಂಟೆ ತಡವಾಗಿ ಹೋದೆ. ಅಲ್ಲಿ ಯಾಕೆ ತಡ ಅಂತ ಕೇಳಿದಾಗ 'ರಸ್ತೆಯಲ್ಲಿ ಸ್ವಲ್ಪ ತೊಂದರೆ' ಅಂದೆ. ಪೂರ್ತಿ ಹೇಳ್ತಾ ಇರೋದು ಇವತ್ತೇ.

ಹೊರಡೋ ಮುಂಚೆ ಮುದುಕಪ್ಪನಿಗೆ ಒಂದಿಷ್ಟು ದುಡ್ಡು ಕೊಡೋಕೆ ಹೋದೆ. ಬೆಳಗಿನಿಂದ ನಿಂತಿದ್ದಾರಲ್ಲ ಅಂತ. ಅವರು ತಗೊಳ್ಳಲಿಲ್ಲ. ಹೊಲದ ಕಡೆ ತಿರುಗಿ ನೋಡಿದರು. ರಸ್ತೆಯ ಆ ಕಡೆ ದೂರದಲ್ಲಿ, ಜೋಳದ ಹೊಲದ ಬದುವಿನ ಮೇಲೆ, ದಾಟಿ ಹೋಗಿದ್ದ ಎರಡೂ ಇನ್ನೂ ನಿಂತಿದ್ದವು, ಈ ಕಡೆ ಮುಖ ಮಾಡಿ. 'ಇವು ತಿರುಗಿ ಈ ಕಡಿ ಬರತಾವ ಸಾಹೇಬ್ರ. ನೀವು ಮೆಲ್ಲಕ ಹೋಗ್ರಿ' ಅಂದರು. ಕೋಲು ಹೆಗಲಿಗೆ ಹಾಕ್ಕೊಂಡು ತಮ್ಮ ಕಡಲೆ ಹೊಲಕ್ಕೆ ಇಳಿದರು.